ಏಪ್ರಿಲ್‌ನಲ್ಲಿ ಕೊಡಗಿಗೆ ಬರುವ ಗೆಳೆಯರಿಗೆ: ಮದುವೆ, ಹಾಕಿ, ಹೂಮಳೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿ ಕಳೆಯಿತೆಂದರೆ ನನ್ನ ಮೊಬೈಲ್‌ಗೆ ಬಿಡುವಿಲ್ಲ. ಮೈಸೂರಿನಲ್ಲಿ ಜೊತೆಗೆ ಓದಿದವರು, ಬೆಂಗಳೂರಿನಲ್ಲಿ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವರು, ಅವರ ನೆಂಟರು, ನೆಂಟರ ಸಹೋದ್ಯೋಗಿಗಳು ಎಲ್ಲರೂ ಕೇಳುವುದು ಅದೇ ಹತ್ತಿಪ್ಪತ್ತು ಪ್ರಶ್ನೆ. ಮೂರ್ನಾಡಿನಿಂದ ನಾಪೋಕ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ನಾವು ಅರೆಭಾಷೆ ಗೌಡರು, ಬೇಲಿಯಾಚೆ ಕೊಡವರ ಮನೆಗಳು. ಹಾಗಾಗಿ ಎರಡೂ ಕಡೆಯ ಮದುವೆಯಲ್ಲಿ ಉಂಡಿದ್ದೇನೆ, ಒಂದು ಕಡೆಯ ಹಾಕಿಗೆ ಗಂಟಲು ಹರಿದುಕೊಂಡಿದ್ದೇನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಒಮ್ಮೆಗೇ ಬರೆದಿಡುತ್ತಿದ್ದೇನೆ.

ಬೇಸಿಗೆಯಲ್ಲಿ ಕೊಡಗಿಗೆ ಯಾಕೆ ಬರಬೇಕು? ಮಳೆಗಾಲದಲ್ಲಿ ಅಲ್ಲವೇ ಚೆಂದ?

ಮಳೆಗಾಲದ ಕೊಡಗು ನೋಡುವವರಿಗೆ ಚೆಂದ, ಇರುವವರಿಗೆ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗೆ ಬಂದರೆ ನಾನು ಸಿಗುವುದು ಗೊಬ್ಬರದ ಚೀಲದ ಕೊಪ್ಪೆಯೊಳಗೆ. ಮಾತಾಡಿದರೆ ಹೆಂಚಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವಷ್ಟರಲ್ಲಿ ಫೆಬ್ರುವರಿಯೋ ಮಾರ್ಚೋ ಆಗಿರುತ್ತದೆ. ಆಗ ಕಣ ಕಾಯಬೇಕು, ಆಳುಗಳನ್ನು ಹುಡುಕಬೇಕು, ಮೋಡ ಕಂಡರೆ ಟಾರ್ಪಾಲು ಹಿಡಿದು ಓಡಬೇಕು. ಕಣ ಖಾಲಿಯಾದ ದಿನದಿಂದ ಮುಂಗಾರು ಬೀಳುವ ತನಕದ ಸುಮಾರು ಎರಡು ತಿಂಗಳು ಮಾತ್ರ ಈ ಜಿಲ್ಲೆಗೆ ಪುರುಸೊತ್ತು. ಕಾಫಿ ಮಾರಿದ ದುಡ್ಡು ಕೈಯಲ್ಲಿ ಓಡಾಡುವುದೂ ಆಗಲೇ. ಮದುವೆ, ಹಾಕಿ, ಊರ ದೇವರ ಹಬ್ಬ, ಗೆಳೆಯರ ಭೇಟಿ ಎಲ್ಲವೂ ಆ ಎರಡು ತಿಂಗಳೊಳಗೆ ಮುಗಿಯಬೇಕು. ನೀವು ನೋಡಬೇಕಾದದ್ದು ಜಲಪಾತವಲ್ಲ, ಬಿಡುವಾಗಿರುವ ಕೊಡಗಿನವರನ್ನು.

ಕಾಫಿ ಹೂ ನೋಡಬೇಕು. ಯಾವ ತಾರೀಕಿಗೆ ಬರಲಿ?

ತಾರೀಕು ಹೇಳುವವರು ಯಾರೂ ಇಲ್ಲ. ಇದ್ದಿದ್ದರೆ ಇಡೀ ಜಿಲ್ಲೆ ಅವರ ಮನೆಯ ಮುಂದೆ ಸಾಲು ನಿಲ್ಲುತ್ತಿತ್ತು.

ಗಿಡದಲ್ಲಿ ಮೊಗ್ಗು ಕಟ್ಟಿ, ಒಣ ಹವೆಯಲ್ಲಿ ಬಿಗಿದುಕೊಂಡು ಕಾಯುತ್ತಿರುತ್ತದೆ. ಫೆಬ್ರುವರಿಯ ಕೊನೆಯಲ್ಲೋ ಮಾರ್ಚ್‌ನಲ್ಲೋ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವಿಡೀ ಒಂದೇ ಬೆಳಗ್ಗೆ ಬೆಳ್ಳಗಾಗುತ್ತದೆ. ಇದನ್ನೇ ನಾವು ಹೂಮಳೆ ಎನ್ನುವುದು. ಒಂದಿಂಚು ಬಿದ್ದರೆ ನೆಮ್ಮದಿ. ಕೊಡಗಿನವರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತಾರೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ಮಾರ್ಚ್ ತಿಂಗಳಲ್ಲಿ ಇಬ್ಬರು ತೋಟದವರು ಎದುರಾದರೆ 'ಚೆನ್ನಾಗಿದ್ದೀರಾ' ಎಂದು ಕೇಳುವ ಮೊದಲು 'ನಿಮ್ಮಲ್ಲಿ ಎಷ್ಟು ಸೆಂಟು' ಎಂದು ಕೇಳುತ್ತಾರೆ. ನಲವತ್ತು ಸೆಂಟು ಎಂದವನ ಮುಖ ನೋಡಬೇಕು: ಅತ್ತ ಮೊಗ್ಗು ಅರಳುವುದೂ ಇಲ್ಲ, ಇತ್ತ ಸುಮ್ಮನಿರುವುದೂ ಇಲ್ಲ. ಹೂ ಉದುರಿದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಕಾಯಿ ಕಚ್ಚುವುದಕ್ಕೆ. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕಿ ಮಳೆಯನ್ನು ತಾವೇ ಸುರಿಸಿಕೊಳ್ಳುತ್ತಾರೆ. ಹಾಗಾಗಿ ಒಂದು ತೋಟ ಹೂವಾಗಿದ್ದರೆ ಪಕ್ಕದ್ದು ಹಸಿರಾಗಿಯೇ ಇರುವುದನ್ನು ರಸ್ತೆಯಿಂದಲೇ ಕಾಣಬಹುದು.

ಹೂವಿನ ಆಯುಸ್ಸು ಮೂರು ದಿನ, ಹೆಚ್ಚೆಂದರೆ ನಾಲ್ಕು. ನಾಲ್ಕನೆಯ ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ನಾನು ಮಳೆಯ ಸುದ್ದಿ ಕಳಿಸಿದ ದಿನವೇ ರಜೆ ಬರೆದು ಕೊಟ್ಟವನಿಗೆ ಹೂ, ಉಳಿದವರಿಗೆ ಫೋಟೊ. ಇನ್ನೊಂದು ಮಾತು: ಹೂವಾದ ದಿನ ತೋಟದೊಳಗೆ ನುಗ್ಗಿ ಗೆಲ್ಲು ಅಲ್ಲಾಡಿಸಬೇಡಿ. ರೋಬಸ್ಟಾಕ್ಕೆ ಪರಾಗ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗಬೇಕು. ಆ ಕೆಲಸವನ್ನು ಗಾಳಿ ಮತ್ತು ಜೇನು ಮಾಡುತ್ತಿರುತ್ತವೆ. ನಿಮ್ಮ ಸಹಾಯ ಬೇಕಿಲ್ಲ.

ಸೆಖೆ ಇರುತ್ತದೆಯೇ?

ಇರುತ್ತದೆ. ಕೊಡಗೆಂದರೆ ಸದಾ ತಂಪು ಎಂದು ಸ್ವೆಟರ್ ತಂದವರು ಕುಶಾಲನಗರದಲ್ಲೇ ಅದನ್ನು ಬಿಚ್ಚುತ್ತಾರೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಬೆಳಗ್ಗೆ ಸಂಜೆ ಹಿತವಾಗಿರುತ್ತದೆ. ಗೋಣಿಕೊಪ್ಪ, ಕುಶಾಲನಗರದ ಕಡೆ ಮಧ್ಯಾಹ್ನ ಬೆವರು ತಪ್ಪಿದ್ದಲ್ಲ. ಏಪ್ರಿಲ್‌ನಲ್ಲಿ ಮೂರು ಗಂಟೆಗೆ ಮೋಡ ಕಟ್ಟಿ, ಗುಡುಗಿ, ಕೆಲವೊಮ್ಮೆ ಆಲಿಕಲ್ಲು ಸುರಿದು, ಐದಕ್ಕೆ ಬಿಸಿಲು ಬರುತ್ತದೆ. ವಿದ್ಯುತ್ ಮಾತ್ರ ಐದಕ್ಕೆ ಬರುವುದಿಲ್ಲ. ಜಿಗಣೆಗಳಿಗೆ ಹೆದರಬೇಡಿ, ಅವು ಮುಂಗಾರಿನ ನೆಂಟರು.

ಮದುವೆಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲೇ ಯಾಕೆ?

ಪುರುಸೊತ್ತಿನ ಲೆಕ್ಕ ಮೇಲೆ ಹೇಳಿದೆ. ಡಿಸೆಂಬರ್‌ನಲ್ಲೂ ಆಗುತ್ತವೆ, ಆದರೆ ಕೊಯ್ಲಿನ ಸಮಯ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕಕ್ಕಡ ತಿಂಗಳು; ಗದ್ದೆ ನಾಟಿಯ ಕಾಲ, ಶುಭಕಾರ್ಯ ಇಲ್ಲ. ಏಪ್ರಿಲ್ 14ರ ಆಸುಪಾಸಿಗೆ ಎಡಮ್ಯಾರ್ ಒಂದು, ಅಂದರೆ ಕೊಡವರ ಹೊಸ ವರ್ಷದ ಮೊದಲ ದಿನ. ಅಲ್ಲಿಂದಾಚೆಗೆ ಮದುವೆ ಮಂಟಪಗಳ ಮುಂದೆ ವಾಹನ ನಿಲ್ಲಿಸಲು ಜಾಗವಿರುವುದಿಲ್ಲ. ಒಂದೇ ಭಾನುವಾರ ನಾಲ್ಕು ಕರೆ ಬಂದ ಮನೆಗಳುಂಟು. ಅಪ್ಪ ಒಂದಕ್ಕೆ, ಅವ್ವ ಒಂದಕ್ಕೆ, ಮಕ್ಕಳು ಊಟ ಚೆನ್ನಾಗಿರುವುದಕ್ಕೆ.

ಕೊಡವ ಮದುವೆಗೆ ಕರೆ ಬಂದಿದೆ. ಎಷ್ಟು ಹೊತ್ತಿಗೆ ಹೋಗಬೇಕು?

ಆಪ್ತ ಗೆಳೆಯನ ಮನೆಯದಾದರೆ ಹಿಂದಿನ ದಿನವೇ ಹೋಗಿ. ಅದನ್ನು ಊರ್ ಕೂಡುವುದು ಎನ್ನುತ್ತಾರೆ. ನೆರೆಹೊರೆಯವರು ಸೇರಿ ತರಕಾರಿ ಹೆಚ್ಚಿ, ಮಾಂಸ ಕೊಚ್ಚಿ, ಚಪ್ಪರ ನೋಡಿ, ನಡುವೆ ಗಂಟೆಗಟ್ಟಲೆ ಹರಟೆ ಹೊಡೆಯುವ ದಿನ. ಈಗ ಅಡುಗೆಗೆ ಗುತ್ತಿಗೆಯವರು ಬಂದಿದ್ದಾರೆ, ಚಾಕು ಹಿಡಿಯುವವರು ಕಡಿಮೆ. ಹರಟೆಗೆ ಇನ್ನೂ ಗುತ್ತಿಗೆಯವರು ಸಿಕ್ಕಿಲ್ಲ. ನನ್ನನ್ನು ಕೇಳಿದರೆ ಮದುವೆಯ ದಿನಕ್ಕಿಂತ ಈ ಸಂಜೆಯೇ ಮೇಲು. ವಧೂವರರಿಗೆ ಗೆಳೆಯರ ಜೊತೆ ಕುಳಿತು ಮಾತಾಡಲು ಅದೇ ಕೊನೆಯ ಅವಕಾಶ.

ಬರಿಯ ಪರಿಚಯದವರಾದರೆ ಮರುದಿನ ಹನ್ನೊಂದರ ಹೊತ್ತಿಗೆ ತಲುಪಿದರೂ ನಡೆಯುತ್ತದೆ.

ಮದುವೆಗೆ ಪುರೋಹಿತರಿಲ್ಲವಂತೆ, ಹೋಮವಿಲ್ಲವಂತೆ. ಹಾಗಾದರೆ ಏನಿರುತ್ತದೆ?

ಹಿರಿಯರಿರುತ್ತಾರೆ. ಅದು ಸಾಲದೇ?

ಮುಕ್ಕಾಲಿಯ ಮೇಲೆ ಕುಳಿತ ವರನ ಮುಂದೆ, ಬೇರೆಯಾಗಿ ವಧುವಿನ ಮುಂದೆ, ಬಂದವರೆಲ್ಲ ಒಬ್ಬೊಬ್ಬರಾಗಿ ನಿಲ್ಲುತ್ತಾರೆ. ಮೊದಲು ತಾಯಿ, ಆಮೇಲೆ ಹತ್ತಿರದ ಬಂಧುಗಳು, ಕೊನೆಗೆ ನಿಮ್ಮಂಥ ಗೆಳೆಯರು. ಅಕ್ಕಿ ಕಾಳನ್ನು ಮೊಣಕಾಲು, ಭುಜ, ತಲೆಗೆ ಹಾಕಿ ಹರಸಿ, ಕಿಂಡಿ ಎನ್ನುವ ಕೊಳವೆ ಬಾಯಿಯ ಪಾತ್ರೆಯಿಂದ ಒಂದು ಗುಟುಕು ಹಾಲು ಕುಡಿಸಿ, ಕೈಗೆ ಕಾಣಿಕೆ ಇಟ್ಟು ಸರಿಯುತ್ತಾರೆ. ಮುನ್ನೂರು ಜನ ಹಾಲು ಕುಡಿಸಿದರೆ ವರನ ಗತಿಯೇನು ಎಂದು ಕೇಳಬೇಡಿ; ತುಟಿಗೆ ತಾಗಿಸಿದರೆ ಸಾಕು, ನಿಮ್ಮ ಪ್ರೀತಿಯನ್ನೆಲ್ಲ ಕಿಂಡಿಯಿಂದ ಸುರಿಯಬೇಡಿ. ನಾನು ಮೊದಲ ಸಲ ಸುರಿದೆ. ಗೆಳೆಯನ ಬಿಳಿ ಕುಪ್ಯದ, ಅಂದರೆ ನಿಲುವಂಗಿಯ ಮೇಲೆ ಬಿದ್ದದ್ದು ಹಾಲಾದ್ದರಿಂದ ಫೋಟೊದಲ್ಲಿ ಕಾಣಿಸಲಿಲ್ಲ, ಬದುಕಿಕೊಂಡೆ.

ನಿಜವಾದ ಮದುವೆ ಎಂದು ನಾನು ತಿಳಿದಿರುವುದು ಸಮ್ಮಂಧ ಅಡ್ಕುವ ಘಟ್ಟವನ್ನು. ಎರಡೂ ಒಕ್ಕಗಳ ಪರವಾಗಿ ಅರುವ ಎನ್ನುವ ಪ್ರತಿನಿಧಿಗಳು ಎದುರುಬದುರು ನಿಲ್ಲುತ್ತಾರೆ. ಒಕ್ಕ ಎಂದರೆ ಒಂದೇ ಮನೆಹೆಸರಿನ, ಒಂದೇ ಮೂಲದ ದೊಡ್ಡ ಕುಟುಂಬ. ಈ ಹುಡುಗಿಗೆ ಇನ್ನು ನಿಮ್ಮ ಮನೆಯಲ್ಲಿ, ಗದ್ದೆಯಲ್ಲಿ, ದನದ ಕೊಟ್ಟಿಗೆಯಲ್ಲಿ, ಸುಖದಲ್ಲಿ, ದುಃಖದಲ್ಲಿ ಹಕ್ಕುಂಟೇ ಎಂಬ ಅರ್ಥದ ಪ್ರಶ್ನೆ. ಉಂಟು ಎಂಬ ಉತ್ತರ. ಹಕ್ಕಿನ ಗುರುತಾಗಿ ಸಣ್ಣ ಕಲ್ಲುಗಳನ್ನು ಎಣಿಸಿ ಒಪ್ಪಿಸುತ್ತಾರೆ. ಕೊಡವ ತಕ್ಕಿನ, ಅಂದರೆ ಕೊಡವ ಭಾಷೆಯ, ಹಳೆಯ ಮಾತುಗಳಾದ್ದರಿಂದ ಪೂರ್ತಿ ಅರ್ಥವಾಗದು, ಪಕ್ಕದ ಅಜ್ಜನನ್ನು ಕೇಳಿ. ಅವರು ಕಾಯುತ್ತಿರುವುದೇ ಯಾರಾದರೂ ಕೇಳಲಿ ಎಂದು.

ಇದಕ್ಕೂ ಮೊದಲು ದಿಬ್ಬಣ ಬಂದಾಗ ಬಾಳೆ ಕಡಿಯುವುದಿದೆ. ನೆಲದಲ್ಲಿ ನೆಟ್ಟ ಬಾಳೆ ದಿಂಡುಗಳನ್ನು ಒಡಿಕತ್ತಿಯಿಂದ ಒಂದೊಂದೇ ಏಟಿಗೆ ತುಂಡರಿಸಬೇಕು. ಮುಂದೆ ನಿಂತು ವಿಡಿಯೊ ಮಾಡುವ ಆಸೆ ಬೇಡ.

ವಧು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ನಿಂತಿರುತ್ತಾಳೆ, ಜನ ದಾರಿ ಬಿಡದೆ ಕುಣಿಯುತ್ತಾರೆ. ಇದೇನು ಶಿಕ್ಷೆ?

ಎಲ್ಲರೂ ಕೇಳುವ ಪ್ರಶ್ನೆ ಇದು, ಸಾಮಾನ್ಯವಾಗಿ ಕುಣಿದು ಸುಸ್ತಾದ ಮೇಲೆ ಕೇಳುವುದು. ಇದು ನೀರ್ ಎಡ್‌ಪ. ಗಂಗಾಪೂಜೆ ಎಂದೂ ಹೇಳುತ್ತಾರೆ. ಹೊಸ ಮನೆಯ ಬಾವಿಗೆ ಪೂಜೆ ಮಾಡಿ, ನೀರು ಸೇದಿ, ಬಿಂದಿಗೆ ಹೊತ್ತು ಅಡುಗೆಮನೆಗೆ ತರಬೇಕು. ಬಾವಿಯಿಂದ ಅಡುಗೆಮನೆಗೆ ನಡೆದರೆ ಎರಡು ನಿಮಿಷ. ವರನ ಕಡೆಯವರು ವಾಲಗಕ್ಕೆ ಹೆಜ್ಜೆ ಹಾಕುತ್ತಾ ಅವಳ ಮುಂದೆಯೇ ಕುಣಿದು ಅದನ್ನು ಒಂದು ಗಂಟೆ, ಎರಡು ಗಂಟೆ ಮಾಡುತ್ತಾರೆ. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಇವರು ಬಿಡುವುದು ಅರ್ಧ ಹೆಜ್ಜೆ.

ಹುಡುಗಿಯ ತಾಳ್ಮೆ ಪರೀಕ್ಷೆ ಎನ್ನುವವರಿದ್ದಾರೆ. ಹೊಸ ಬಂಧುಗಳ ಮುಖ ಒಂದೊಂದಾಗಿ ನೋಡಿಕೊಳ್ಳಲಿ ಎಂದು ಎನ್ನುವವರೂ ಇದ್ದಾರೆ. ಪಕ್ಕದ ತೋಟದ ಅಕ್ಕ ಮದುವೆಯಾಗಿ ಬಂದು ಮೂವತ್ತು ವರ್ಷವಾಯಿತು, ಅವರನ್ನೇ ಕೇಳಿದೆ. "ಆ ದಿನ ಯಾರು ಯಾರು ಹೆಚ್ಚು ಹೊತ್ತು ಕುಣಿದರು ಎಂದು ಇವತ್ತಿಗೂ ಜ್ಞಾಪಕ ಇದೆ. ಅವರು ಮನೆಗೆ ಬಂದರೆ ಕಾಫಿಗೆ ಸಕ್ಕರೆ ಹಾಕಲು ಮರೆತುಬಿಡುತ್ತೇನೆ" ಎಂದರು. ಈಗೀಗ ಭಾರವಿಲ್ಲದ ಸಣ್ಣ ಬಿಂದಿಗೆ ಕೊಡುತ್ತಾರೆ, ಹಿರಿಯರು ಗಡಿಯಾರ ನೋಡಿ ಸಾಕು ಎನ್ನುತ್ತಾರೆ. ನನಗೆ ಅದು ಒಳ್ಳೆಯದೆಂದೇ ತೋರುತ್ತದೆ.

ನೀವೂ ಕುಣಿಯಬಹುದು, ಕುಣಿಯಲೇಬೇಕು. ಹೆಜ್ಜೆ ಕಲಿಯಲು ಏನೂ ಇಲ್ಲ: ಮೊಣಕಾಲು ಸಡಿಲ ಬಿಟ್ಟು, ಕೈ ಎತ್ತಿ, ವಾಲಗದ ಪೆಟ್ಟಿಗೆ ತೂಗಿ. ಸಿನಿಮಾ ಕುಣಿತ ತೋರಿಸಬೇಡಿ. ವಾಲಗದವರಿಗೆ ಕೈಬಿಚ್ಚಿ ಕೊಡಿ, ಅವರು ಬೆಳಗ್ಗಿನಿಂದ ಊದಿ ಬಾರಿಸಿ ದಣಿದಿರುತ್ತಾರೆ.

ಕುಪ್ಯಚೇಲೆ ಬಾಡಿಗೆಗೆ ತಂದು ತೊಡಬಹುದೇ? ಫೋಟೊ ಚೆನ್ನಾಗಿ ಬರುತ್ತದೆ.

ಬೇಡ. ಮೊಣಕಾಲಿಗಿಂತ ಕೆಳಗೆ ಬರುವ ಕಪ್ಪು ಕುಪ್ಯ, ಸೊಂಟಕ್ಕೆ ಸುತ್ತಿದ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ ಇವೆಲ್ಲ ಕೊಡವರಿಗೆ ವೇಷವಲ್ಲ, ಉಡುಪು. ಮದುವೆಯಲ್ಲಿ ಬಿಳಿ ಕುಪ್ಯ ವರನಿಗೆ. ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಉಡುವ ರೀತಿಯನ್ನು ಮನೆಯವರೇ ಪ್ರೀತಿಯಿಂದ ಕಲಿಸಿ ಉಡಿಸಿದರೆ ಉಟ್ಟುಕೊಳ್ಳಿ, ಅದು ಬೇರೆ ಮಾತು. ಉಳಿದಂತೆ ನಿಮ್ಮೂರಿನ ಮದುವೆಗೆ ಹೇಗೆ ಹೋಗುತ್ತೀರೋ ಹಾಗೆ ಬನ್ನಿ. ಎತ್ತರದ ಹಿಮ್ಮಡಿಯ ಚಪ್ಪಲಿ ಮಾತ್ರ ಅಂಗಳದ ಮಣ್ಣಿನಲ್ಲಿ ಹೂತುಹೋಗುತ್ತದೆ.

ಹಂದಿ ತಿನ್ನದವರಿಗೆ ಊಟ ಇರುತ್ತದೆಯೇ?

ಇರುತ್ತದೆ. ಸಸ್ಯಾಹಾರಿಗಳಿಗೆ ಬೇರೆ ಸಾಲು ಇರುತ್ತದೆ. ಕೋಳಿ, ಕುರಿಯೂ ಇರುತ್ತವೆ. ತಿನ್ನುವವರಾದರೆ ಪಂದಿ ಕರಿಯ ಕಪ್ಪು ಬಣ್ಣ ಕಂಡು ಸೀದುಹೋಗಿದೆ ಎಂದು ತಿಳಿಯಬೇಡಿ. ಹುರಿದ ಮಸಾಲೆ ಮತ್ತು ಕಾಚಂಪುಳಿಯ ಬಣ್ಣ ಅದು. ಒಂದು ಜಾತಿಯ ಪುನರ್ಪುಳಿಯ ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಡಾಂಬರಿನಷ್ಟು ಮಂದ ಮಾಡಿದರೆ ಕಾಚಂಪುಳಿ. ಒಂದು ಚಮಚ ಸಾಕು. ಜೊತೆಗೆ ಕಡಂಬಿಟ್ಟು, ಅಂದರೆ ಅಕ್ಕಿತರಿಯ ಉಂಡೆಯನ್ನು ಹಬೆಯಲ್ಲಿ ಬೇಯಿಸಿದ್ದು. ಅಥವಾ ನೂಪುಟ್ಟು, ನಿಮ್ಮ ಶಾವಿಗೆಯ ಸೋದರ.

ಮದುವೆ ಮನೆಯಲ್ಲಿ ಸಿಗದ, ಮನೆಗೆ ಬಂದವರಿಗೆ ಮಾತ್ರ ಸಿಗುವ ಒಂದು ಅಡುಗೆ ಇದೆ: ಕಾಡುಮಾವಿನ ಕರಿ. ಏಪ್ರಿಲ್ ಕೊನೆಗೆ ತೋಟದ ದೊಡ್ಡ ಮರಗಳಿಂದ ನಿಂಬೆಗಾತ್ರದ ಹಣ್ಣು ಉದುರುತ್ತವೆ. ಬೆಲ್ಲ, ಮೆಣಸು, ಒಗ್ಗರಣೆ ಹಾಕಿ ಇಡೀ ಹಣ್ಣನ್ನೇ ಬೇಯಿಸುತ್ತೇವೆ. ಚಮಚ ಕೇಳಬೇಡಿ, ಗೊರಟು ಚೀಪುವಾಗ ಮೊಣಕೈವರೆಗೆ ರಸ ಇಳಿಯದಿದ್ದರೆ ತಿಂದ ಲೆಕ್ಕವಲ್ಲ.

ಮದ್ಯವೂ ಇರುತ್ತದೆ. ಕುಡಿದವರು ಸ್ಟಿಯರಿಂಗ್ ಮುಟ್ಟುವಂತಿಲ್ಲ. ಇಲ್ಲಿಯ ತಿರುವುಗಳು ಅಮಲು ಇಲ್ಲದವರಿಗೇ ಸಾಕಷ್ಟು ತಲೆ ತಿರುಗಿಸುತ್ತವೆ.

ಉಡುಗೊರೆ ಏನು ಕೊಡಬೇಕು?

ಲಕೋಟೆ. ಗೋಡೆ ಗಡಿಯಾರ ಬೇಡ.

ಕೊಡಗಿನ ಎಲ್ಲ ಮದುವೆಗಳೂ ಹೀಗೆಯೇ?

ಇದನ್ನು ಕೇಳದೆಯೇ ಹೌದೆಂದು ತಿಳಿದುಕೊಳ್ಳುವವರೇ ಹೆಚ್ಚು, ಅದಕ್ಕೇ ಬರೆಯುತ್ತಿದ್ದೇನೆ. ಕೊಡಗಿನಲ್ಲಿರುವವರೆಲ್ಲ ಕೊಡವರಲ್ಲ. ನಮ್ಮ ಅರೆಭಾಷೆ ಗೌಡರಲ್ಲಿ ಹತ್ತು ಕುಟುಂಬ ಹದಿನೆಂಟು ಗೋತ್ರದ ಲೆಕ್ಕವಿದೆ, ಶಾಸ್ತ್ರ ಬೇರೆ, ಸೋಬಾನೆ ಬೇರೆ. ನಾಪೋಕ್ಲು, ವಿರಾಜಪೇಟೆಯ ಕಡೆ ಮುಸ್ಲಿಮರ ಮದುವೆಗೆ ಹೋದರೆ ತುಪ್ಪದನ್ನದ ಪರಿಮಳ ರಸ್ತೆಯವರೆಗೆ ಬಂದು ಕೈ ಹಿಡಿದು ಒಳಗೆ ಕರೆದೊಯ್ಯುತ್ತದೆ. ಉತ್ತರದ ಸೋಮವಾರಪೇಟೆ, ಶನಿವಾರಸಂತೆಯ ಕಡೆ ಹಾಸನದ ಗಾಳಿ ಜಾಸ್ತಿ. ಬೆಟ್ಟ ಕುರುಬರು, ಯರವರು, ಜೇನು ಕುರುಬರದು ಮತ್ತೆ ಬೇರೆಯೇ. ಒಂದು ಮದುವೆ ನೋಡಿ 'ಕೊಡಗಿನ ಸಂಸ್ಕೃತಿ ನೋಡಿದೆ' ಎಂದು ಹೇಳಿಕೊಂಡು ಹೋಗಬೇಡಿ, ಇನ್ನೂ ನಾಲ್ಕು ಊಟ ಬಾಕಿ ಇದೆ.

ಹಾಕಿ ಹಬ್ಬ ಎಂದರೇನು? ಜಿಲ್ಲಾ ತಂಡಗಳ ಪಂದ್ಯವೇ?

ಅಲ್ಲ, ಮನೆತನಗಳ ಪಂದ್ಯ. ಕೊಡವ ಹಾಕಿ ನಮ್ಮೆಯಲ್ಲಿ (ನಮ್ಮೆ ಎಂದರೆ ಹಬ್ಬ) ಆಡುವುದು ಕ್ಲಬ್ಬುಗಳಲ್ಲ, ಒಕ್ಕಗಳು. ತಂಡದ ಹೆಸರೇ ಮನೆಹೆಸರು. ಬೇರೆ ಬೇರೆಯಾಗಿ ಹರಿದು ಹಂಚಿಹೋಗುತ್ತಿರುವ ಕುಟುಂಬಗಳನ್ನು ಒಂದು ಮೈದಾನಕ್ಕೆ ತರಬೇಕೆಂದು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರುಮಾಡಿದರು. ಮೊದಲ ವರ್ಷ 60 ಕುಟುಂಬಗಳು. ಪ್ರತಿ ವರ್ಷ ಬೇರೊಂದು ಒಕ್ಕ ಹೊಣೆ ಹೊರುತ್ತದೆ, ಕಪ್ಪಿಗೆ ಆ ಒಕ್ಕದ ಹೆಸರು. 2018ರ ಮಳೆಗಾಲದಲ್ಲಿ ಗುಡ್ಡಗಳು ಕುಸಿದವು, ಆಮೇಲೆ ಕೋವಿಡ್ ಬಂದಿತು. ನಡುವೆ ನಾಲ್ಕು ವರ್ಷ ಹಬ್ಬವೇ ನಡೆಯಲಿಲ್ಲ. 2023ರಲ್ಲಿ ನಾಪೋಕ್ಲಿನಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ಮತ್ತೆ ಶುರುಹಚ್ಚಿತು. 2024ರಲ್ಲಿ ಕುಂಡ್ಯೋಳಂಡ ಕಪ್ಪಿಗೆ 360 ಕುಟುಂಬಗಳು ಬಂದು ಗಿನ್ನೆಸ್ ದಾಖಲೆಯಾಯಿತು. 2025ರ ಮುದ್ದಂಡ ಕಪ್, ಇಪ್ಪತ್ತೈದನೆಯದು, ಮಡಿಕೇರಿಯಲ್ಲಿ: 396 ಕುಟುಂಬಗಳು.

ಈ ಅಂಕಿಗಳನ್ನು ಒಮ್ಮೆ ಮನಸ್ಸಿನಲ್ಲಿ ಗುಣಿಸಿ ನೋಡಿ. ತಂಡಕ್ಕೆ ಹನ್ನೊಂದು ಜನ ಬೇಕು. ಊರಿನಲ್ಲಿ ಉಳಿದಿರುವವರು ನಾಲ್ಕು ಜನ. ಉಳಿದವರು ಬೆಂಗಳೂರು, ದುಬೈ, ಸೈನ್ಯದ ಯಾವುದೋ ಶಿಬಿರ. ಆದ್ದರಿಂದ ಅಜ್ಜ ಗೋಲಿಗೆ, ಮೊಮ್ಮಗ ಮುಂದೆ, ಪದವಿ ಓದುತ್ತಿರುವ ಮೊಮ್ಮಗಳು ನಡುವೆ. ಗಂಡಸರು ಹೆಂಗಸರು ಒಂದೇ ತಂಡದಲ್ಲಿ ಆಡುತ್ತಾರೆ. ಒಲಿಂಪಿಕ್ಸ್ ಆಡಿದವನ ಎದುರು ಹೋದ ವಾರವಷ್ಟೇ ಕೋಲು ಕೊಂಡ ಬ್ಯಾಂಕ್ ನೌಕರ ನಿಲ್ಲುವುದು ಇಲ್ಲಿ ಮಾತ್ರ. ಮೊದಲ ಸುತ್ತುಗಳಲ್ಲಿ ಆಟಕ್ಕಿಂತ ಉಸಿರಾಟದ ಸದ್ದೇ ಜಾಸ್ತಿ. ಅದನ್ನೇ ನೋಡಲು ಬನ್ನಿ ಎನ್ನುತ್ತೇನೆ ನಾನು. ಫೈನಲ್‌ಗೆ ಹತ್ತಾರು ಸಾವಿರ ಜನ ಸೇರುತ್ತಾರೆ, ನಿಂತರೆ ಮುಂದಿನವನ ಟೋಪಿ ಕಾಣುತ್ತದೆ. ಎರಡನೆಯ ವಾರದ ಮಂಗಳವಾರ ಬೆಳಗ್ಗೆ ಬಂದರೆ ಗೆರೆಯ ಪಕ್ಕದಲ್ಲೇ ಕುರ್ಚಿ ಸಿಗುತ್ತದೆ, ಸೋತ ತಂಡದ ಮಾವಂದಿರು ಅಂಪೈರ್ ಬಗ್ಗೆ ಹೇಳುವುದನ್ನೆಲ್ಲ ಕೇಳಬಹುದು.

ಯಾವ ತಂಡಕ್ಕೆ ಚಪ್ಪಾಳೆ ತಟ್ಟಬೇಕು?

ನಿಮ್ಮನ್ನು ಕರೆದುಕೊಂಡು ಬಂದವನ ಒಕ್ಕಕ್ಕೆ. ಅವನ ಹೆಂಡತಿಯ ತವರಿನ ಒಕ್ಕ ಎದುರಿದ್ದರೆ ಎರಡಕ್ಕೂ ತಟ್ಟಿ, ಸಂಜೆ ಊಟ ಆ ಮನೆಯಲ್ಲೇ.

ಇಷ್ಟು ಸಣ್ಣ ಜಿಲ್ಲೆಯಿಂದ ಇಷ್ಟೊಂದು ಆಟಗಾರರು ಹೇಗೆ?

ಎಂ.ಪಿ. ಗಣೇಶ್, 1975ರ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೊ ಒಲಿಂಪಿಕ್ಸ್ ಚಿನ್ನದ ಎಂ.ಎಂ. ಸೋಮಯ್ಯ, ಗೋಲು ಕಾದ ಎ.ಬಿ. ಸುಬ್ಬಯ್ಯ, ಆಮೇಲೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಸೋಮವಾರಪೇಟೆಯ ಎಸ್.ವಿ. ಸುನಿಲ್. ಪಟ್ಟಿ ಹೇಳುತ್ತಾ ಹೋದರೆ ಕಾಫಿ ಆರುತ್ತದೆ. ಹಾಕಿ ಬಿಟ್ಟರೆ ಓಟದಲ್ಲಿ ಅಶ್ವಿನಿ ನಾಚಪ್ಪ. 43ನೆಯ ವಯಸ್ಸಿನಲ್ಲಿ, 2024ರಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ರೋಹನ್ ಬೋಪಣ್ಣ. ನೀರು, ಗಾಳಿ, ರಕ್ತ ಎಂದೆಲ್ಲ ಹೇಳುವವರಿದ್ದಾರೆ. ನನಗೆ ನಂಬಿಕೆಯಿಲ್ಲ. ಮನೆಗೊಬ್ಬ ಸೈನಿಕನಿದ್ದ ಊರುಗಳಿವು. ರಜೆಗೆ ಬಂದವನ ಟ್ರಂಕಿನಲ್ಲಿ ಹಾಕಿ ಕೋಲೂ ಬಂದಿತು. ಸುಗ್ಗಿಯ ನಂತರದ ಗದ್ದೆ ಮೈದಾನವಾಯಿತು, ಶಾಲೆಯಲ್ಲಿ ಹೇಳಿಕೊಡುವ ಮೇಷ್ಟರಿದ್ದರು. ಅದಕ್ಕಿಂತ ಹೆಚ್ಚಾಗಿ, ಮಗ ಆಟಕ್ಕೆ ಹೋಗುತ್ತೇನೆಂದರೆ ಓದು ಕೆಟ್ಟಿತೆಂದು ಅಳುವ ಅಪ್ಪಂದಿರು ಇಲ್ಲಿ ಸ್ವಲ್ಪ ಕಡಿಮೆ.

ನಮಗೆ ಹಾಕಿ ಬರುವುದಿಲ್ಲ. ಕ್ರಿಕೆಟ್ ಇಲ್ಲವೇ?

ಉಂಟು. ಕೊಡವರಲ್ಲೂ ಗೌಡರಲ್ಲೂ ಕುಟುಂಬಗಳ ನಡುವೆ ಕ್ರಿಕೆಟ್ ನಡೆಯುತ್ತದೆ. ಸುಂಟಿಕೊಪ್ಪದ ಕಡೆಯವರಿಗೆ ಫುಟ್‌ಬಾಲೇ ದೇವರು. ಆದರೆ ನೀವು ಆಡಬೇಕಾದದ್ದು ನಮ್ಮ ಗದ್ದೆಯ ಕ್ರಿಕೆಟ್. ಭತ್ತದ ಕೂಳೆಗೆ ತಾಗಿದ ಚೆಂಡು ಎತ್ತ ತಿರುಗುತ್ತದೆಂದು ಯಾವ ಸ್ಪಿನ್ನರನಿಗೂ ಹೇಳಲಾಗದು. ಬದು ದಾಟಿದರೆ ನಾಲ್ಕು, ತೋಟಕ್ಕೆ ಬಿದ್ದರೆ ಔಟ್. ಕಾಫಿ ಗಿಡದೊಳಗೆ ಹೋದ ಚೆಂಡು ಮುಂದಿನ ಕೊಯ್ಲಿಗೇ ಸಿಗುವುದು, ಹಾಗಾಗಿ ಬರುವಾಗ ನಾಲ್ಕು ಟೆನಿಸ್ ಚೆಂಡು ಹೆಚ್ಚಿಗೆ ತನ್ನಿ.

ಐಪಿಎಲ್ ಬಗ್ಗೆ: ಟಿವಿ ಇದೆ, ಮಳೆ ಬಂದರೆ ಡಿಶ್ ಇಲ್ಲ. ಹದಿನೇಳು ವರ್ಷ ಕಪ್ಪಿಗೆ ಕಾದು, 'ಈ ಸಲ ಕಪ್ ನಮ್ಮದೇ' ಎಂದು ಕೂಗಿ ಗೇಲಿಗೊಳಗಾದವರು ನಾವೂ. 2025ರ ಜೂನ್ 3ರಂದು ಬೆಂಗಳೂರು ತಂಡ ಕಡೆಗೂ ಗೆದ್ದಿತು. ಈಗ ಆ ಕೂಗಿಗೆ ಮೊದಲಿನ ರುಚಿ ಇಲ್ಲವೆಂದು ನನ್ನ ತಮ್ಮ ಗೊಣಗುತ್ತಾನೆ.

ಮದುವೆಯೂ ಹಾಕಿಯೂ ಒಂದೇ ದಿನ ಬಂದರೆ?

ಬರುತ್ತವೆ, ಪ್ರತಿ ವರ್ಷ ಬರುತ್ತವೆ. ಒಂದು ತಿಂಗಳ ಪಂದ್ಯಾವಳಿ, ಅದೇ ತಿಂಗಳಲ್ಲಿ ಅರ್ಧ ಜಿಲ್ಲೆಯ ಮುಹೂರ್ತ, ತಪ್ಪಿಸಿಕೊಳ್ಳುವುದು ಹೇಗೆ? ಒಮ್ಮೆ ನಮ್ಮ ಗೆಳೆಯನೊಬ್ಬನ ಅಕ್ಕನ ಮದುವೆ. ಅದೇ ಮಧ್ಯಾಹ್ನ ಅವರ ಒಕ್ಕಕ್ಕೆ ಮೂರನೆಯ ಸುತ್ತಿನ ಆಟ. ತಂಡದ ಹನ್ನೊಂದರಲ್ಲಿ ಆರು ಜನ ಮಂಟಪದಲ್ಲಿ. ಬೆಳಗ್ಗೆಯೇ ಅಕ್ಕಿ ಹಾಕಿ, ಹಾಲು ಕುಡಿಸಿ, ಕಪ್ಪು ಕುಪ್ಯದಲ್ಲೇ ಜೀಪು ಹತ್ತಿದರು. ದಾರಿಯಲ್ಲಿ ಶರಟು ಬದಲಾಯಿಸಿದರು. ಎದುರು ತಂಡದವರಿಗೂ ಅದೇ ಮದುವೆಗೆ ಕರೆ ಇತ್ತು, ಅವರೂ ಊಟ ಬಿಟ್ಟು ಬಂದಿದ್ದರು. ಎರಡೂ ಕಡೆಯವರು ಬೇಗ ಮುಗಿಸುವ ಅವಸರದಲ್ಲಿದ್ದಾಗ ಆಟ ಸಮವಾಗಿ ಪೆನಾಲ್ಟಿಗೆ ಹೋಯಿತು. ಗೆಳೆಯನ ಕಡೆಯವರು ಸೋತರು. ಅಷ್ಟೂ ಜನ ಒಂದೇ ಜೀಪಿನಲ್ಲಿ ನೇತಾಡಿಕೊಂಡು ವಾಪಸು ಬಂದಾಗ ನೀರ್ ಎಡ್‌ಪ ಇನ್ನೂ ನಡೆದಿತ್ತು. ಗೆದ್ದವರು ಸೋತವರು ಒಟ್ಟಿಗೆ ನುಗ್ಗಿ ಮತ್ತೂ ಮುಕ್ಕಾಲು ಗಂಟೆ ಕುಣಿದರು. ಮದುಮಗಳು ಬಿಂದಿಗೆಯ ಕೆಳಗಿನಿಂದ ತಮ್ಮನನ್ನು ನೋಡಿ ಕೇಳಿದ್ದು ಒಂದೇ ಮಾತು: "ಎಷ್ಟು ಗೋಲಿನಲ್ಲಿ ಸೋತಿರಿ?"

ನಡುವೆ ಎರಡು ದಿನ ಖಾಲಿ ಇದೆ. ಎಲ್ಲಿ ಸುತ್ತಲಿ?

ಬೇಸಿಗೆಯಲ್ಲಿ ಅಬ್ಬಿ ಜಲಪಾತಕ್ಕೆ ಹೋಗಿ ನೀರೆಲ್ಲಿ ಎಂದು ನನ್ನನ್ನು ಬೈಯಬೇಡಿ. ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಗೆ ಹೋಗಿ. 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಬೆಟ್ಟದ ಬುಡದಲ್ಲಿ ಅಡಗಿಸಿ ಕಟ್ಟಿಸಿದ್ದು. ಅಂಗಳದಲ್ಲಿರುವ ಪುಟ್ಟ ಮಂಟಪ ರಾಜನ ಮದುವೆಯ ಮಂಟಪ. ಇವತ್ತಿನ ಮದುವೆ ಮಂಟಪಗಳ ಹೂವಿನ ಕಮಾನು ನೋಡಿ ಬಂದವರಿಗೆ ಅದರ ಅಳತೆ ಕಂಡು ನಗು ಬರಬಹುದು. ಅದರ ಹಿಂದೆಯೇ ತಡಿಯಂಡಮೋಳ್, 1,748 ಮೀಟರ್, ಜಿಲ್ಲೆಯ ಅತಿ ಎತ್ತರದ ಶಿಖರ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು, ಮೊದಲೇ ವಿಚಾರಿಸಿ. ಹೊಳೆಗೆ ಇಳಿಯುವವರು ಸ್ಥಳೀಯರಿಲ್ಲದೆ ಇಳಿಯಬೇಡಿ; ಮೊಣಕಾಲುದ್ದದ ಕಾವೇರಿಯಲ್ಲಿ ನಾಲ್ಕಾಳು ಆಳದ ಕಯಗಳು, ಅಂದರೆ ಮಡುಗಳು, ಇವೆ.

ಮೇ ಉತ್ತರಾರ್ಧದ ಒಂದು ಗುರುವಾರ ದಕ್ಷಿಣ ಕೊಡಗಿನ ದೇವರಪುರದಲ್ಲಿ ಕುಂಡೆ ಹಬ್ಬ. ತೋಟದಲ್ಲಿ ದುಡಿಯುವ ಗಿರಿಜನರು ಹೆಣ್ಣುವೇಷ, ಚಿತ್ರವಿಚಿತ್ರ ವೇಷ ಹಾಕಿ ಬೀದಿ ಬೀದಿಯಲ್ಲಿ ಎಲ್ಲರನ್ನೂ ಬಾಯಿಗೆ ಬಂದಂತೆ ಬೈದು ಕಾಸು ಕೇಳುತ್ತಾರೆ. ಯಜಮಾನರಿಗೂ ವಿನಾಯಿತಿ ಇಲ್ಲ. ಕಾರಿನ ಗಾಜು ಏರಿಸದೆ ಬೈಸಿಕೊಳ್ಳಿ, ಚಿಲ್ಲರೆ ಇಟ್ಟುಕೊಂಡಿರಿ.

ಸಂಜೆ ತೋಟದಲ್ಲಿ ನಡೆದಾಡಬಹುದೇ?

ಆರು ಗಂಟೆಯ ನಂತರ ಬೇಡ. ಹಲಸು ಹಣ್ಣಾಗುವ ಕಾಲ, ವಾಸನೆ ಹಿಡಿದು ಆನೆಗಳು ತೋಟಕ್ಕೆ ಬರುತ್ತವೆ. ಅದಕ್ಕೇ ಹಲವರು ಕಾಯಿಯನ್ನು ಎಳೆಯದಾಗಿರುವಾಗಲೇ ಕಡಿದು ಹಾಕುತ್ತಾರೆ. ರೀಲ್ಸ್ ಮಾಡಲು ಹೋಗಿ ಆನೆಯ ಎದುರು ನಿಂತವನಿಗೆ ನನ್ನ ಬಳಿ ಉತ್ತರವಿಲ್ಲ.

ಬರುವುದು ಹೇಗೆ?

ಕೊಡಗಿನಲ್ಲಿ ರೈಲು ನಿಲ್ದಾಣವಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಬಸ್ಸುಗಳು ಧಾರಾಳ. ಶನಿವಾರ ಬೆಳಗ್ಗೆ ಹೊರಡಬೇಡಿ, ಶುಕ್ರವಾರ ಮಧ್ಯಾಹ್ನ ಹೊರಡಿ. ವಾಂತಿಯಾಗುವವರು ಮುಂದಿನ ಸೀಟಿನಲ್ಲಿ.

ಎಂದು ಹೊರಡಬೇಕು?

ನಾವು ಹೊರಡಿ ಎನ್ನುವುದಿಲ್ಲ, ಮಳೆ ಹೇಳುತ್ತದೆ. ಮೇ ಕೊನೆಗೆ ಮಳೆಹುಳಗಳು ದೀಪಕ್ಕೆ ಮುತ್ತುತ್ತವೆ, ಅವ್ವ ಸೌದೆಯನ್ನು ಒಳಗೆ ಸೇರಿಸಲು ಶುರುಮಾಡುತ್ತಾಳೆ. ಆಮೇಲೂ ಉಳಿದವರ ಕೈಗೆ ಒಂದೊಂದು ಕಟ್ಟು ಸೌದೆ ಕೊಡುತ್ತಾಳೆ. ಹೊರಡುವವರ ಕಾರಿನ ಡಿಕ್ಕಿಯಲ್ಲಿ ಒಂದು ಹಲಸಿನಹಣ್ಣು, ಒಂದು ಚೀಲ ಬೆಣ್ಣೆಹಣ್ಣು ಇರುತ್ತದೆ. ಕಿಟಕಿ ಸ್ವಲ್ಪ ತೆರೆದಿಡಿ, ಹಲಸು ಮೈಸೂರು ತಲುಪುವಷ್ಟರಲ್ಲಿ ಪೂರ್ತಿ ಹಣ್ಣಾಗಿರುತ್ತದೆ.